ಬ್ಯಾಟರಿ ಬೆಂಕಿ: ಸರಕು ಕೋಣೆಯಿಂದ ಸೀಟಿನ ಪಕ್ಕದವರೆಗೆ

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಚಾಕು, ಕತ್ತರಿ, ಸ್ಕ್ರೂಡ್ರೈವರ್‌ಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಲು ಹೇಳುತ್ತಾರೆ. ಪವರ್‌ಬ್ಯಾಂಕ್ ಇದ್ದರೆ ಮಾತ್ರ ಅದೇ ಪೆಟ್ಟಿಗೆಯಿಂದ ಹೊರತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಲು ಹೇಳುತ್ತಾರೆ. ಅಪಾಯದ ವಸ್ತುವನ್ನು ಜನರಿಂದ ದೂರ ಇಡಬೇಕು ಎಂಬುದು ಎಲ್ಲೆಡೆಯ ರೂಢಿ. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ವಿಮಾನಯಾನವು ಈ ರೂಢಿಯನ್ನು ಬಿಟ್ಟು, ಅಪಾಯದ ವಸ್ತುವನ್ನು ಜನರ ಹತ್ತಿರಕ್ಕೇ ತಂದುಕೊಂಡಿದೆ. ಮೊದಲು ಸರಕು ಕೋಣೆಯಿಂದ ಕ್ಯಾಬಿನ್ನಿಗೆ, ಆಮೇಲೆ ಕ್ಯಾಬಿನ್ನಿನ ತಲೆಮೇಲಿನ ಗೂಡಿನಿಂದ ಸೀಟಿನ ಪಕ್ಕಕ್ಕೆ ಬ್ಯಾಟರಿ ಸರಿದು ಬಂದಿದೆ. ಈ ಸ್ಥಳಾಂತರಕ್ಕೆ ಸುಮಾರು ಇಪ್ಪತ್ತೈದು ವರ್ಷ ಹಿಡಿದಿದೆ. ಅದರ ಹಿಂದೆ ಸುಟ್ಟುಹೋದ ವಿಮಾನಗಳಿವೆ, ಸತ್ತ ಪೈಲಟ್‌ಗಳಿದ್ದಾರೆ, ನಿದ್ದೆಗೆಟ್ಟು ಪ್ರಯೋಗ ನಡೆಸಿದ ಎಂಜಿನಿಯರುಗಳಿದ್ದಾರೆ.

ಪ್ರಯಾಣಿಕರು ತರುವ ಬೆಂಕಿಯ ಭಯ ಬ್ಯಾಟರಿಗಿಂತ ಹಳೆಯದು. ಅದು ಸಿಗರೇಟಿನಿಂದ ಶುರುವಾಯಿತು. 1973ರ ಜುಲೈ 11ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಬರುತ್ತಿದ್ದ ಬ್ರೆಜಿಲ್‌ನ ವಾರಿಗ್ ಸಂಸ್ಥೆಯ ಬೋಯಿಂಗ್ 707 ವಿಮಾನದ ಹಿಂಬದಿಯ ಶೌಚಾಲಯದಲ್ಲಿ ಬೆಂಕಿ ಹತ್ತಿತು. ಓರ್ಲಿ ನಿಲ್ದಾಣ ಇನ್ನೇನು ಕೆಲವೇ ಕಿಲೋಮೀಟರ್ ಇದೆ ಎನ್ನುವಾಗ ಪೈಲಟ್‌ಗಳು ವಿಮಾನವನ್ನು ಹೊಲವೊಂದರಲ್ಲಿ ಇಳಿಸಿದರು. ವಿಮಾನದಲ್ಲಿದ್ದ 134 ಜನರಲ್ಲಿ 123 ಮಂದಿ ಸತ್ತರು. ಉಳಿದ ಹನ್ನೊಂದು ಜನರಲ್ಲಿ ಪ್ರಯಾಣಿಕ ಒಬ್ಬನೇ, ಮಿಕ್ಕವರೆಲ್ಲ ಸಿಬ್ಬಂದಿ. ಹೆಚ್ಚಿನವರನ್ನು ಕೊಂದದ್ದು ಹೊಗೆ. ಕಸದ ಡಬ್ಬಿಗೆ ಎಸೆದ ಸಿಗರೇಟು ಇದಕ್ಕೆ ಕಾರಣವಾಗಿರಬಹುದು ಎಂಬ ಅನುಮಾನ ತನಿಖೆಯಲ್ಲಿ ಮೂಡಿತು. ಶೌಚಾಲಯದಲ್ಲಿ ಸೇದಬಾರದು ಎಂಬ ಫಲಕ ಕಡ್ಡಾಯವಾದದ್ದು ಆ ಬಳಿಕ. ಜೊತೆಗೆ ಶೌಚಾಲಯದ ಬಾಗಿಲಿನಲ್ಲಿ ಬೂದಿಬಟ್ಟಲೂ ಇರಲೇಬೇಕೆಂದು ನಿಯಮ ಬಂತು. ಧೂಮಪಾನ ಪೂರ್ತಿ ನಿಷಿದ್ಧವಾಗಿರುವ ಇಂದಿನ ಹೊಸ ವಿಮಾನಗಳಲ್ಲೂ ಆ ಪುಟ್ಟ ಬೂದಿಬಟ್ಟಲು ಇರುತ್ತದೆ. ನಿಯಮ ಮುರಿದು ಸೇದುವವನೊಬ್ಬ ಇದ್ದೇ ಇರುತ್ತಾನೆ, ಅವನು ತುಂಡನ್ನು ಕಾಗದದ ಕಸಕ್ಕೆ ಎಸೆಯದಿರಲಿ ಎಂಬ ಎಚ್ಚರ ಅದು. ಮನುಷ್ಯ ಸ್ವಭಾವವನ್ನು ಇಷ್ಟು ಸರಿಯಾಗಿ ಅರಿತ ನಿಯಮಗಳು ವಿರಳ.

ಹತ್ತು ವರ್ಷಗಳ ನಂತರ, 1983ರ ಜೂನ್ 2ರಂದು, ಏರ್ ಕೆನಡಾದ ಡಿಸಿ-9 ವಿಮಾನದ ಶೌಚಾಲಯದ ಬಳಿ ಹೊಗೆ ಕಾಣಿಸಿತು. ಸಿನ್ಸಿನಾಟಿಯಲ್ಲಿ ವಿಮಾನ ಸುರಕ್ಷಿತವಾಗಿಯೇ ಇಳಿಯಿತು. ಬಾಗಿಲು ತೆರೆದು ಹೊರಗಿನ ಗಾಳಿ ಒಳನುಗ್ಗಿದ್ದೇ ತಡ, ಒಂದೂವರೆ ನಿಮಿಷದೊಳಗೆ ಕ್ಯಾಬಿನ್ ಧಗ್ಗನೆ ಹೊತ್ತಿಕೊಂಡಿತು. 46 ಜನರಲ್ಲಿ 23 ಮಂದಿ ಹೊರಬರಲಾಗಲಿಲ್ಲ. ಬೆಂಕಿಯ ಮೂಲ ಖಚಿತವಾಗಲಿಲ್ಲ. ಆದರೆ ಶೌಚಾಲಯದ ಹೊಗೆ ಸೂಚಕ, ಕಸದ ಡಬ್ಬಿಯೊಳಗಿನ ಸ್ವಯಂಚಾಲಿತ ಆರಿಸುಕ, ನೆಲದುದ್ದಕ್ಕೂ ದಾರಿ ತೋರುವ ದೀಪ, ಬೇಗ ಉರಿಯದ ಸೀಟಿನ ಹೊದಿಕೆ ಇವೆಲ್ಲ ಆ ದುರಂತದ ಬಳಿಕ ವಿಮಾನಗಳಿಗೆ ಬಂದವು. ಅಮೆರಿಕ 1988ರಲ್ಲಿ ಎರಡು ಗಂಟೆಯೊಳಗಿನ ದೇಶೀಯ ಹಾರಾಟಗಳಲ್ಲಿ ಧೂಮಪಾನ ನಿಲ್ಲಿಸಿತು. 1990ರಲ್ಲಿ ಬಹುತೇಕ ಎಲ್ಲ ದೇಶೀಯ ಹಾರಾಟಗಳಿಗೂ, 2000ದಲ್ಲಿ ಅಂತರರಾಷ್ಟ್ರೀಯ ಹಾರಾಟಗಳಿಗೂ ಆ ನಿಷೇಧ ವಿಸ್ತರಿಸಿತು.

ಬ್ಯಾಟರಿಯ ಕಥೆಗೆ ಮುನ್ನುಡಿಯಂತಿರುವ ಇನ್ನೊಂದು ದುರಂತ 1996ರ ಮೇ 11ರದು. ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ ಸಂಸ್ಥೆಯ ಡಿಸಿ-9 ವಿಮಾನ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿಗೆ ಬಿದ್ದು 110 ಮಂದಿ ಸತ್ತರು. ಅವಧಿ ಮುಗಿದ ಆಮ್ಲಜನಕ ಉತ್ಪಾದಕಗಳನ್ನು ಅದರ ಸರಕು ಕೋಣೆಗೆ ಹೇರಲಾಗಿತ್ತು. ಆ ಕೋಣೆಯ ರಚನೆಯ ಹಿಂದೆ ಒಂದು ನಂಬಿಕೆಯಿತ್ತು: ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಬೆಂಕಿ ತಾನಾಗಿ ಸಾಯುತ್ತದೆ. ಉರಿಯುವ ವಸ್ತುವೇ ತನಗೆ ಬೇಕಾದ ಆಮ್ಲಜನಕವನ್ನು ಹುಟ್ಟಿಸಿಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ರಚನೆಯಲ್ಲಿ ಉತ್ತರವಿರಲಿಲ್ಲ. ಮುಂದೆ ಪ್ರಯಾಣಿಕ ವಿಮಾನಗಳ ಅಂಥ ಸರಕು ಕೋಣೆಗಳಿಗೆಲ್ಲ ಹೊಗೆ ಸೂಚಕವೂ ಹ್ಯಾಲೊನ್ ಅನಿಲದ ಆರಿಸುವ ವ್ಯವಸ್ಥೆಯೂ ಕಡ್ಡಾಯವಾದವು. ಅಷ್ಟರಲ್ಲಿ ತನ್ನ ಆಮ್ಲಜನಕವನ್ನು ತಾನೇ ಹೊತ್ತು ತರುವ ಇನ್ನೊಂದು ವಸ್ತು ಜನರ ಚೀಲ ಸೇರಿಯಾಗಿತ್ತು.

ಲಿಥಿಯಂ ಲೋಹಗಳಲ್ಲೆಲ್ಲ ಅತ್ಯಂತ ಹಗುರ. ಹಳೆಯ ನಿಕಲ್-ಕ್ಯಾಡ್ಮಿಯಂ ಕೋಶ 1.2 ವೋಲ್ಟ್ ಕೊಟ್ಟರೆ ಇಂದಿನ ಲಿಥಿಯಂ-ಅಯಾನ್ ಕೋಶ ಸುಮಾರು 3.7 ವೋಲ್ಟ್ ಕೊಡುತ್ತದೆ. ಇದರ ಬೀಜ ಬಿದ್ದದ್ದು 1970ರ ದಶಕದಲ್ಲಿ, ಎಕ್ಸಾನ್ ತೈಲ ಕಂಪನಿಯ ಪ್ರಯೋಗಾಲಯದಲ್ಲಿ. ಅಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಶುದ್ಧ ಲಿಥಿಯಂ ಲೋಹ ಬಳಸಿ ಮರುಚಾರ್ಜ್ ಮಾಡಬಹುದಾದ ಬ್ಯಾಟರಿ ತಯಾರಿಸಿದರು. ಚಾರ್ಜ್ ಮಾಡಿದಾಗಲೆಲ್ಲ ಲೋಹ ಸಮವಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆಯುತ್ತಿತ್ತು; ಮುಳ್ಳು ಆಚೆ ಬದಿಯನ್ನು ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡಿನಫ್ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಧನ ವಿದ್ಯುದ್ವಾರವಾಗಿ ಬಳಸುವ ದಾರಿ ತೋರಿಸಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹವನ್ನೇ ಕೈಬಿಟ್ಟು, ಇಂಗಾಲದ ಪದರಗಳ ನಡುವೆ ಲಿಥಿಯಂ ಅಯಾನುಗಳು ಬಂದುಹೋಗುವ ಕೋಶ ರೂಪಿಸಿದರು. ಅದರ ಮೇಲೆ ಕಬ್ಬಿಣದ ತುಂಡನ್ನು ಬೀಳಿಸಿ ಪರೀಕ್ಷಿಸಿದಾಗ ಅದು ಸಿಡಿಯಲಿಲ್ಲ. ಲೋಹದ ಬ್ಯಾಟರಿ ಸಿಡಿದಿತ್ತು. ಬ್ಯಾಟರಿ ಹುಟ್ಟಿದ್ದೇ ಆ ಕ್ಷಣದಲ್ಲಿ ಎಂದು ಯೋಶಿನೊ ಮುಂದೆ ಹೇಳುತ್ತಿದ್ದರು. ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ನಡುವೆ, 1989ರಲ್ಲಿ, ಕೆನಡಾದ ಮೋಲಿ ಎನರ್ಜಿ ಕಂಪನಿ ಜಪಾನಿನ ಮೊಬೈಲ್ ಫೋನುಗಳಿಗೆ ಕೊಟ್ಟಿದ್ದ ಲಿಥಿಯಂ ಲೋಹದ ಬ್ಯಾಟರಿಗಳನ್ನು ಬೆಂಕಿಯ ಕಾರಣಕ್ಕೆ ಹಿಂದಕ್ಕೆ ಪಡೆಯಬೇಕಾಯಿತು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ವಿಡಿಯೊ ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಎಂದು ಅದು ಹತ್ತು ವರ್ಷಗಳಲ್ಲಿ ಜಗತ್ತನ್ನೇ ತುಂಬಿತು.

ಅಯಾನ್ ಬ್ಯಾಟರಿ ಲೋಹದ ಬ್ಯಾಟರಿಗಿಂತ ಸುರಕ್ಷಿತ ನಿಜ, ಆದರೆ ಪೂರ್ತಿ ನಿರಪಾಯವಲ್ಲ. ಕೋಶದೊಳಗೆ ಧನ ಮತ್ತು ಋಣ ವಿದ್ಯುದ್ವಾರಗಳ ಹಾಳೆಗಳನ್ನು ಸುರುಳಿ ಸುತ್ತಿರುತ್ತಾರೆ. ಎರಡರ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಅದೆಲ್ಲವನ್ನೂ ನೆನೆಸಿರುವ ದ್ರವ ನೀರಲ್ಲ, ಹೊತ್ತಿಕೊಳ್ಳಬಲ್ಲ ಸಾವಯವ ದ್ರಾವಕ. ಕೋಶ ಜಜ್ಜಿದರೆ, ಚುಚ್ಚಿದರೆ, ಮಿತಿಮೀರಿ ಚಾರ್ಜ್ ಆದರೆ ಅಥವಾ ತಯಾರಿಕೆಯಲ್ಲೇ ಲೋಹದ ಕಣವೊಂದು ಒಳಗೆ ಉಳಿದಿದ್ದರೆ ಪೊರೆ ಹರಿಯುತ್ತದೆ. ಎರಡು ಹಾಳೆ ತಾಗಿದ ಜಾಗ ಕಾಯುತ್ತದೆ. ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಋಣ ವಿದ್ಯುದ್ವಾರದ ಮೇಲಿನ ರಕ್ಷಣಾ ಪದರ ಒಡೆದು ಇನ್ನಷ್ಟು ಶಾಖ ಬಿಡುತ್ತದೆ. ಸುಮಾರು 130 ಡಿಗ್ರಿಗೆ ಪಾಲಿಥೀನ್ ಪೊರೆ ಕರಗುತ್ತದೆ. ಇನ್ನೂರರ ಹತ್ತಿರ ಕೋಬಾಲ್ಟ್ ಆಕ್ಸೈಡ್ ಆಮ್ಲಜನಕ ಬಿಡತೊಡಗುತ್ತದೆ. ಅಲ್ಲಿಂದ ಮುಂದೆ ಶಾಖವೇ ಶಾಖವನ್ನು ಹುಟ್ಟಿಸುತ್ತದೆ, ತಡೆಯುವವರಿಲ್ಲ. ಉಷ್ಣತೆ ಆರುನೂರು ಡಿಗ್ರಿ ದಾಟಬಲ್ಲದು. ಇದನ್ನು ತಂತ್ರಜ್ಞರು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಹೊರಬರುವ ಹೊಗೆಯಲ್ಲಿ ಹೈಡ್ರೊಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೊಜನ್ ಫ್ಲೋರೈಡ್‌ನಂಥ ಸುಡುವ ಹಾಗೂ ವಿಷದ ಅನಿಲಗಳಿರುತ್ತವೆ. ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ ತಗಲಿ ಅದೂ ಅದೇ ದಾರಿ ಹಿಡಿಯುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅಂಥ ಆರು, ಎಂಟು ಕೋಶಗಳಿರುತ್ತಿದ್ದವು. ಸರಕಿನ ಹಲಗೆಯ ಮೇಲಾದರೆ ಸಾವಿರಾರು.

ವಿಮಾನಯಾನಕ್ಕೆ ಮೊದಲ ಎಚ್ಚರಿಕೆ ನೆಲದ ಮೇಲೆಯೇ ಸಿಕ್ಕಿತು. 1999ರ ಏಪ್ರಿಲ್ 28ರಂದು ಲಾಸ್ ಏಂಜಲೀಸ್ ನಿಲ್ದಾಣದಲ್ಲಿ, ಜಪಾನಿನ ಒಸಾಕಾದಿಂದ ಪ್ರಯಾಣಿಕ ವಿಮಾನದಲ್ಲಿ ಬಂದು ಇಳಿದಿದ್ದ ಬ್ಯಾಟರಿ ಸರಕು ಹೊತ್ತಿಕೊಂಡಿತು. ಅವು ಮರುಚಾರ್ಜ್ ಆಗದ ಲಿಥಿಯಂ ಲೋಹದ ಪುಟ್ಟ ಬ್ಯಾಟರಿಗಳು. ಆರಿಸಿದಷ್ಟೂ ಬೆಂಕಿ ಮತ್ತೆ ಮತ್ತೆ ಎದ್ದಿತು. ಕೆಲವು ಗಂಟೆ ಮೊದಲು ಇದೇ ಸರಕು ನೂರಾರು ಪ್ರಯಾಣಿಕರ ಕಾಲಡಿಯಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರಿಬಂದಿತ್ತು ಎಂಬುದನ್ನು ನೆನೆದರೆ ಸಾಕು, ಆಗ ಅಧಿಕಾರಿಗಳಿಗೆ ಆದ ದಿಗಿಲು ಅರ್ಥವಾಗುತ್ತದೆ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ, ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಬಳಿಯ ತನ್ನ ತಾಂತ್ರಿಕ ಕೇಂದ್ರದಲ್ಲಿ ಈ ಬ್ಯಾಟರಿಗಳನ್ನು ಸುಟ್ಟು ನೋಡಿತು. ಸರಕು ಕೋಣೆಯ ಹ್ಯಾಲೊನ್ ಲಿಥಿಯಂ ಲೋಹದ ಬೆಂಕಿಯ ಮುಂದೆ ನಿಷ್ಪ್ರಯೋಜಕ ಎಂಬುದು ಸಾಬೀತಾಯಿತು. 2004ರ ಡಿಸೆಂಬರ್‌ನಲ್ಲಿ ಅಮೆರಿಕ ಅವುಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದನ್ನು ನಿಷೇಧಿಸಿತು. ಅಪಘಾತ ಕಂಡ ಮೇಲೆ ನಿಯಮಕ್ಕೆ ಐದೂವರೆ ವರ್ಷ ಹಿಡಿದದ್ದು ತೀರಾ ತಡವೇ.

2006 ಎರಡು ಪಾಠ ಕಲಿಸಿದ ವರ್ಷ. ಫೆಬ್ರವರಿಯಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನವೊಂದು ಹೊಗೆ ತುಂಬಿಕೊಂಡು ಫಿಲಡೆಲ್ಫಿಯಾದಲ್ಲಿ ಇಳಿಯಿತು. ಮೂವರು ಸಿಬ್ಬಂದಿ ಪಾರಾದರು, ವಿಮಾನ ಸುಟ್ಟುಹೋಯಿತು. ಸರಕಿನಲ್ಲಿ ಲ್ಯಾಪ್‌ಟಾಪ್‌ಗಳೂ ಲಿಥಿಯಂ ಬ್ಯಾಟರಿಗಳೂ ಇದ್ದವು. ಬೆಂಕಿ ಎಲ್ಲಿಂದ ಎದ್ದಿತೆಂದು ತನಿಖಾಧಿಕಾರಿಗಳು ಖಚಿತವಾಗಿ ಹೇಳಲಾಗಲಿಲ್ಲ, ಆದರೆ ಬ್ಯಾಟರಿಗಳ ಸಾಗಾಟದ ನಿಯಮ ಬಿಗಿಗೊಳಿಸಬೇಕೆಂದು ಕೇಳಿದರು. ಆಗಸ್ಟ್‌ನಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಿತು. ಒಸಾಕಾದ ಸಮ್ಮೇಳನವೊಂದರಲ್ಲಿ ಡೆಲ್ ಲ್ಯಾಪ್‌ಟಾಪ್ ಉರಿಯುವ ಚಿತ್ರಗಳು ಅಷ್ಟರಲ್ಲಿ ಎಲ್ಲೆಡೆ ಹರಡಿದ್ದವು. ಆ್ಯಪಲ್ ಮತ್ತಿತರ ಕಂಪನಿಗಳೂ ಸಾಲುಗಟ್ಟಿ ಸೋನಿ ಬ್ಯಾಟರಿಗಳನ್ನು ವಾಪಸು ಪಡೆದವು. ತಯಾರಿಕೆಯ ವೇಳೆ ಕೋಶದೊಳಗೆ ಉಳಿದ ಅತಿ ಸಣ್ಣ ಲೋಹದ ಕಣಗಳು ಕಾರಣವೆಂದು ತಿಳಿಯಿತು. ಕಣ್ಣಿಗೆ ಕಾಣದ ದೋಷ ಯಾವ ಲ್ಯಾಪ್‌ಟಾಪಿನಲ್ಲಿ ಬೇಕಾದರೂ ಇರಬಹುದು, ಅದನ್ನು ಭದ್ರತಾ ತಪಾಸಣೆಯಲ್ಲಿ ಹಿಡಿಯಲಾಗದು ಎಂಬುದು ಆಗ ಮನವರಿಕೆಯಾಯಿತು.

ಈ ಹಿನ್ನೆಲೆಯಲ್ಲೇ 2008ರ ಜನವರಿ 1ರಿಂದ ಅಮೆರಿಕದಲ್ಲಿ ಒಂದು ನಿಯಮ ಜಾರಿಗೆ ಬಂತು: ಸಾಧನದೊಳಗೆ ಅಳವಡಿಸದ ಬಿಡಿ ಲಿಥಿಯಂ ಬ್ಯಾಟರಿಗಳು ಚೆಕ್-ಇನ್ ಬ್ಯಾಗಿನಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ನಿಯಮಾವಳಿಯ ಮೂಲಕ ಇದೇ ರೂಢಿ ಜಗತ್ತಿನೆಲ್ಲೆಡೆ ನೆಲೆಯಾಯಿತು. ಇದರ ಹಿಂದಿನ ವಿವೇಚನೆ ನೇರವಾದದ್ದು. ಸರಕು ಕೋಣೆಯಲ್ಲಿ ಹೊಗೆ ಸೂಚಕ ಕೂಗುವ ಹೊತ್ತಿಗೆ ಬೆಂಕಿ ಬಲಿತಿರುತ್ತದೆ, ಹಾರಾಟದಲ್ಲಿರುವಾಗ ಅಲ್ಲಿಗೆ ಯಾರೂ ಹೋಗಲಾರರು. ಕ್ಯಾಬಿನ್ನಿನಲ್ಲಾದರೆ ಮೊದಲ ಹೊಗೆಯನ್ನೇ ಯಾರಾದರೂ ಕಾಣುತ್ತಾರೆ, ವಾಸನೆ ಹಿಡಿಯುತ್ತಾರೆ, ಸಿಬ್ಬಂದಿ ಓಡಿಬರುತ್ತಾರೆ.

ಓಡಿಬಂದವರು ಏನು ಮಾಡಬೇಕು? ಹ್ಯಾಲೊನ್ ಜ್ವಾಲೆಯ ರಾಸಾಯನಿಕ ಸರಪಳಿಯನ್ನು ತುಂಡರಿಸುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯ ಮೇಲೆ ಕಾಣುವ ಜ್ವಾಲೆ ಅದರಿಂದ ಆರುತ್ತದೆ. ಒಳಗಿನ ಕಾವು ಮಾತ್ರ ತಣಿಯುವುದಿಲ್ಲ, ಹಾಗಾಗಿ ಮುಂದಿನ ಕೋಶ ಕೆಲವು ನಿಮಿಷಗಳಲ್ಲಿ ಮತ್ತೆ ಸಿಡಿಯುತ್ತದೆ. ತಣಿಸುವ ಶಕ್ತಿ ಇರುವುದು ನೀರಿಗೆ. ವಿದ್ಯುತ್ ಉಪಕರಣದ ಬೆಂಕಿಗೆ ನೀರು ಹಾಕಬಾರದು ಎಂದು ಕಲಿತವರಿಗೆ ಇದು ವಿಚಿತ್ರವೆನಿಸಿತು. ಎಫ್‌ಎಎ 2009ರಲ್ಲಿ ಹೊರಡಿಸಿದ ಸೂಚನೆ ಗೊಂದಲ ಬಗೆಹರಿಸಿತು: ಮೊದಲು ಹ್ಯಾಲೊನ್‌ನಿಂದ ಜ್ವಾಲೆ ಆರಿಸಿ, ಕೂಡಲೇ ನೀರನ್ನೋ ಮದ್ಯಸಾರವಿಲ್ಲದ ಬೇರೆ ಪಾನೀಯವನ್ನೋ ಸುರಿದು ತಣಿಸಿ, ಐಸ್ ಹಾಕಬೇಡಿ. ಐಸ್ ಹೊದಿಕೆಯಂತೆ ಕೂತು ಕಾವನ್ನು ಒಳಗೇ ಹಿಡಿದಿಡುತ್ತದೆ. ತಿಂಡಿಯ ಟ್ರಾಲಿಯಲ್ಲಿರುವ ನೀರಿನ ಬಾಟಲಿಯೇ ವಿಮಾನದ ರಕ್ಷಣಾ ಸಾಮಗ್ರಿಯಾದದ್ದು ಹೀಗೆ.

ಕ್ಯಾಬಿನ್ನಿನ ನಿಯಮ ಇಷ್ಟು ಸ್ಪಷ್ಟವಾದರೂ ಸರಕಿನ ಲೋಕ ಹಿಂದೆ ಉಳಿಯಿತು. 2010ರ ಸೆಪ್ಟೆಂಬರ್ 3ರ ಸಂಜೆ ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟ ಯುಪಿಎಸ್‌ನ ಬೋಯಿಂಗ್ 747 ಸರಕು ವಿಮಾನದಲ್ಲಿ, ಮೇಲೇರಿದ ಇಪ್ಪತ್ತೆರಡು ನಿಮಿಷಕ್ಕೆ ಬೆಂಕಿಯ ಎಚ್ಚರಿಕೆ ಮೊಳಗಿತು. ಹಾಂಗ್‌ಕಾಂಗ್‌ನಿಂದ ಬಂದಿದ್ದ ಸರಕಿನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿಗಳಿದ್ದವು. ಅಪಾಯಕಾರಿ ಸರಕೆಂದು ಘೋಷಿಸಬೇಕಿದ್ದ ಕನಿಷ್ಠ ಮೂರು ಪಾರ್ಸೆಲ್‌ಗಳು ಘೋಷಣೆಯಿಲ್ಲದೆ ಹತ್ತಿದ್ದವು. ದೋಹಾ ಹತ್ತಿರವಿತ್ತು, ಆದರೂ ಪೈಲಟ್‌ಗಳು ದುಬೈಗೆ ತಿರುಗಿದರು. ಕೆಲವೇ ನಿಮಿಷಗಳಲ್ಲಿ ಬೆಂಕಿ ನಿಯಂತ್ರಣದ ಕೇಬಲ್‌ಗಳನ್ನು ಹಾಳುಮಾಡಿತು. ಹೊಗೆ ಕಾಕ್‌ಪಿಟ್ ತುಂಬಿ ಉಪಕರಣಗಳು ಕಾಣದಾದವು. ಆಮ್ಲಜನಕ ನಿಂತುಹೋದ ಕ್ಯಾಪ್ಟನ್ ಸೀಟು ಬಿಟ್ಟು ಹಿಂದೆ ಹೋದವರು ಮರಳಲಿಲ್ಲ. ರೇಡಿಯೊ ತರಂಗಾಂತರ ಬದಲಿಸಲೂ ಆಗದೆ, ಆಸುಪಾಸಿನಲ್ಲಿ ಹಾರುತ್ತಿದ್ದ ಇತರ ವಿಮಾನಗಳವರು ದಾಟಿಸಿದ ಮಾತುಗಳನ್ನೇ ನಂಬಿ ಸಹಪೈಲಟ್ ಒಬ್ಬರೇ ಕುರುಡಾಗಿ ವಿಮಾನ ನಡೆಸಿದರು. ಎಚ್ಚರಿಕೆ ಮೊಳಗಿ ಅರ್ಧ ಗಂಟೆಯೊಳಗೆ ವಿಮಾನ ನಾದ್ ಅಲ್ ಶೆಬಾ ಬಳಿ ನೆಲಕ್ಕೆ ಬಿತ್ತು. ಇಬ್ಬರೂ ಸತ್ತರು. ಸರಕು ವಿಮಾನದ ಮುಖ್ಯ ಅಂತಸ್ತಿನಲ್ಲಿ ಹ್ಯಾಲೊನ್ ಇರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಇಳಿಸಿ ಬೆಂಕಿಯನ್ನು ಉಸಿರುಗಟ್ಟಿಸುವುದೇ ಅಲ್ಲಿನ ಕ್ರಮ. ಬ್ಯಾಟರಿ ಬೆಂಕಿಗೆ ಆ ಕ್ರಮ ನಾಟಲಿಲ್ಲ. ಮರುವರ್ಷ ಜುಲೈ 28ರಂದು ಏಷಿಯಾನಾ ಸಂಸ್ಥೆಯ ಇನ್ನೊಂದು 747 ಸರಕು ವಿಮಾನ ಕೊರಿಯಾದ ಜೆಜು ದ್ವೀಪದ ಪಶ್ಚಿಮಕ್ಕೆ ಸಮುದ್ರಕ್ಕೆ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಅದರಲ್ಲೂ ಲಿಥಿಯಂ ಬ್ಯಾಟರಿಗಳಿದ್ದವು, ಆದರೆ ಬೆಂಕಿಯ ಮೂಲ ನಿರ್ಧಾರವಾಗಲಿಲ್ಲ.

ನಾಲ್ವರು ಪೈಲಟ್‌ಗಳ ಸಾವಿನ ಬಳಿಕವೂ ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ ಬ್ಯಾಟರಿ ಪೆಟ್ಟಿಗೆಗಳು ಸಾಗುತ್ತಲೇ ಇದ್ದವು. ಪೈಲಟ್‌ಗಳ ಸಂಘಟನೆಗಳು ಒತ್ತಾಯಿಸಿದವು, ಬ್ಯಾಟರಿ ಉದ್ಯಮ ವಿರೋಧಿಸಿತು. ಕೊನೆಗೆ 2016ರ ಏಪ್ರಿಲ್ 1ರಿಂದ ಐಸಿಎಒ ಪ್ರಯಾಣಿಕ ವಿಮಾನಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಬಿಡಿ ಸರಕಾಗಿ ಸಾಗಿಸುವುದನ್ನು ನಿಷೇಧಿಸಿತು. ಸರಕು ವಿಮಾನಗಳಲ್ಲಿ ಸಾಗಿಸುವಾಗ ಚಾರ್ಜ್ ಶೇ 30 ಮೀರಬಾರದು ಎಂದಿತು. ಕಡಿಮೆ ಚಾರ್ಜ್ ಇರುವ ಕೋಶ ಕೆಟ್ಟರೂ ಅದರ ಕಾವು ಪಕ್ಕದ ಕೋಶವನ್ನು ಹೊತ್ತಿಸುವಷ್ಟು ಏರುವುದು ಕಷ್ಟ.

ವಿಮಾನದ ಸ್ವಂತ ಬ್ಯಾಟರಿಯೂ ಈ ಕಾಲದಲ್ಲಿ ಕೈಕೊಟ್ಟಿತು. 2013ರ ಜನವರಿ 7ರಂದು ಬೋಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್‌ನ ಹೊಚ್ಚಹೊಸ ಬೋಯಿಂಗ್ 787ರ ಲಿಥಿಯಂ ಬ್ಯಾಟರಿ ಹೊತ್ತಿಕೊಂಡಿತು. ಒಂಬತ್ತು ದಿನಗಳಲ್ಲಿ ಆಲ್ ನಿಪ್ಪಾನ್ ಸಂಸ್ಥೆಯ ಇನ್ನೊಂದು 787 ಬ್ಯಾಟರಿಯ ಹೊಗೆಯಿಂದಾಗಿ ತಕಮತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಜಗತ್ತಿನ ಎಲ್ಲ 787ಗಳೂ ನೆಲ ಹಿಡಿದವು. ಏರ್ ಇಂಡಿಯಾದ ಆರೂ ವಿಮಾನಗಳು ಅವುಗಳಲ್ಲಿದ್ದವು. ಹೊಗೆಯನ್ನು ನೇರವಾಗಿ ವಿಮಾನದ ಹೊರಗೆ ಬಿಡುವ ಉಕ್ಕಿನ ಪೆಟ್ಟಿಗೆಯಲ್ಲಿ ಬ್ಯಾಟರಿಯನ್ನು ಕೂರಿಸಿದ ಮೇಲೆಯೇ ಅವು ಮತ್ತೆ ಹಾರಿದವು. ಕೋಶ ಕೆಡುವುದನ್ನು ಪೂರ್ತಿ ತಡೆಯಲಾಗದು, ಕೆಟ್ಟಾಗ ಹಾನಿಯಾಗದಂತೆ ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ವಿಮಾನ ತಯಾರಕರಿಗೂ ಬಂದದ್ದು ಇಲ್ಲಿಂದ. ಪ್ರಯಾಣಿಕರ ಸಾಧನಗಳಿಗೆ ಅಂಥ ಉಕ್ಕಿನ ಪೆಟ್ಟಿಗೆ ಇಲ್ಲ.

ಸಾಧನಗಳ ಬಗೆ ಹೆಚ್ಚಿದಂತೆ ನಿಷೇಧಗಳ ಪಟ್ಟಿಯೂ ಉದ್ದವಾಯಿತು. ಪೆಟ್ಟಿಗೆಯೊಳಗೆ ತಾನಾಗಿ ಹೊತ್ತಿಕೊಂಡ ಪ್ರಕರಣಗಳಿಂದಾಗಿ ಇ-ಸಿಗರೇಟನ್ನು 2015ರಲ್ಲಿ ಐಸಿಎಒ ಚೆಕ್-ಇನ್ ಬ್ಯಾಗಿನಿಂದ ಹೊರಗಿಟ್ಟಿತು. ಅದೇ ವರ್ಷದ ಕೊನೆಗೆ ಹೋವರ್‌ಬೋರ್ಡ್ ಎಂಬ ಎರಡು ಚಕ್ರದ ಆಟದ ಹಲಗೆಯನ್ನು ದೊಡ್ಡ ವಿಮಾನ ಸಂಸ್ಥೆಗಳು ಪೂರ್ತಿ ನಿಷೇಧಿಸಿದವು.

ಜನಸಾಮಾನ್ಯರ ಮನಸ್ಸಿಗೆ ವಿಷಯ ತಟ್ಟಿದ್ದು 2016ರಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನಿನಿಂದ. ಆಗಸ್ಟ್ 19ಕ್ಕೆ ಮಾರಾಟಕ್ಕೆ ಬಂದ ಫೋನುಗಳು ಸುಡತೊಡಗಿ ಸೆಪ್ಟೆಂಬರ್ 2ಕ್ಕೆ ಸುಮಾರು 25 ಲಕ್ಷ ಫೋನುಗಳ ವಾಪಸಾತಿ ಘೋಷಣೆಯಾಯಿತು. ಅದರ ಬದಲಿಗೆ ಕೊಟ್ಟ ಫೋನೂ ಸುಟ್ಟಿತು: ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನದೊಳಗೆ ಅಂಥ ಒಂದು ಫೋನು ಹೊಗೆ ಕಾರಿ ಎಲ್ಲರನ್ನೂ ಕೆಳಗಿಳಿಸಬೇಕಾಯಿತು. ವಾರದೊಳಗೆ ಸ್ಯಾಮ್‌ಸಂಗ್ ಆ ಫೋನಿನ ತಯಾರಿಕೆಯನ್ನೇ ನಿಲ್ಲಿಸಿತು. ಮರುವರ್ಷ ಪ್ರಕಟವಾದ ತನಿಖೆಯಲ್ಲಿ ಇಬ್ಬರು ಪೂರೈಕೆದಾರರ ಬ್ಯಾಟರಿಗಳಲ್ಲಿ ಎರಡು ಬೇರೆಬೇರೆ ದೋಷಗಳು ಕಂಡವು. ಒಂದರಲ್ಲಿ ಮೂಲೆಯ ವಿದ್ಯುದ್ವಾರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯ ಚೂಪು ಉಳಿದಿತ್ತು. ತೆಳ್ಳನೆಯ ಫೋನಿನಲ್ಲಿ ಹೆಚ್ಚು ಶಕ್ತಿ ತುರುಕುವ ಪೈಪೋಟಿಯಲ್ಲಿ ತಪ್ಪಿಗೆ ಜಾಗವೇ ಉಳಿದಿರಲಿಲ್ಲ.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಆ ಸೆಪ್ಟೆಂಬರ್‌ನಲ್ಲೇ ನೋಟ್ 7 ಬಗ್ಗೆ ಪ್ರಯಾಣಿಕರನ್ನು ಎಚ್ಚರಿಸಿತ್ತು. ಸೆಪ್ಟೆಂಬರ್ 23ರಂದು ಸಿಂಗಪುರದಿಂದ ಚೆನ್ನೈಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ ತಲೆಮೇಲಿನ ಗೂಡಿನಿಂದ ಹೊಗೆ ಹೊರಟಿತು. ಒಳಗಿದ್ದದ್ದು ಸ್ಯಾಮ್‌ಸಂಗ್‌ನದೇ ಹಳೆಯ ನೋಟ್ 2 ಫೋನು. ಸಿಬ್ಬಂದಿ ಆಸುಪಾಸಿನ ಪ್ರಯಾಣಿಕರನ್ನು ಬೇರೆ ಸೀಟುಗಳಿಗೆ ಕಳಿಸಿ, ಆರಿಸುಕ ಬಳಸಿ, ಫೋನನ್ನು ಶೌಚಾಲಯಕ್ಕೆ ಒಯ್ದು ನೀರಿನ ಪಾತ್ರೆಯಲ್ಲಿ ಮುಳುಗಿಸಿದರು. ವಿಮಾನ ಚೆನ್ನೈಯಲ್ಲಿ ಸುರಕ್ಷಿತವಾಗಿ ಇಳಿಯಿತು. ಅದೇ ಫೋನು ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇದ್ದಿದ್ದರೆ ಇಷ್ಟು ಸಲೀಸಾಗಿ ಮುಗಿಯುತ್ತಿತ್ತೆಂದು ಹೇಳುವ ಧೈರ್ಯ ಯಾರಿಗೂ ಇರದು.

ಆ ಪ್ರಶ್ನೆ ಆರೇ ತಿಂಗಳಲ್ಲಿ ಎದುರಾಯಿತು. 2017ರ ಮಾರ್ಚ್ 21ರಂದು ಅಮೆರಿಕ, ಬಾಂಬಿನ ಭಯದಿಂದ, ಎಂಟು ದೇಶಗಳ ಹತ್ತು ವಿಮಾನ ನಿಲ್ದಾಣಗಳಿಂದ ತನ್ನಲ್ಲಿಗೆ ಬರುವ ವಿಮಾನಗಳ ಕ್ಯಾಬಿನ್ನಿನಲ್ಲಿ ಫೋನಿಗಿಂತ ದೊಡ್ಡ ಎಲೆಕ್ಟ್ರಾನಿಕ್ ಸಾಧನಗಳನ್ನು ನಿಷೇಧಿಸಿತು. ದುಬೈ, ಅಬುಧಾಬಿ, ದೋಹಾ ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನಿಂದ ಕೊಲ್ಲಿ ಮಾರ್ಗವಾಗಿ ಅಮೆರಿಕಕ್ಕೆ ಹೋಗುವ ಸಾಫ್ಟ್‌ವೇರ್ ಉದ್ಯೋಗಿಗಳೂ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಹಾಕಬೇಕಾಯಿತು. ಬಾಂಬಿನ ಅಪಾಯ ತಪ್ಪಿಸಲು ಹೋಗಿ ನೂರಾರು ಬ್ಯಾಟರಿಗಳನ್ನು ಯಾರೂ ತಲುಪಲಾಗದ ಜಾಗಕ್ಕೆ ಕಳಿಸಿದಂತಾಯಿತು. ಎಫ್‌ಎಎ ಆ ವರ್ಷ ಪೆಟ್ಟಿಗೆಗಳೊಳಗೆ ಲ್ಯಾಪ್‌ಟಾಪ್ ಇಟ್ಟು, ಬ್ಯಾಟರಿಯನ್ನು ಬೇಕೆಂದೇ ಕಾಯಿಸಿ ಪರೀಕ್ಷಿಸಿತು. ಕೂದಲಿಗೆ ಹಾಕುವ ಒಣ ಶಾಂಪೂವಿನ ಸ್ಪ್ರೇ ಡಬ್ಬಿ ಪಕ್ಕದಲ್ಲಿದ್ದ ಪರೀಕ್ಷೆಯಲ್ಲಿ ನಲವತ್ತು ಸೆಕೆಂಡಿನೊಳಗೆ ಡಬ್ಬಿ ಸಿಡಿಯಿತು. ಅಂಥ ಸ್ಫೋಟ ಸರಕು ಕೋಣೆಯ ಗೋಡೆಯನ್ನು ಸಡಿಲಿಸಿ ಹ್ಯಾಲೊನ್ ಸೋರಿಹೋಗುವಂತೆ ಮಾಡಬಹುದು. ಆಗ ಬೆಂಕಿಗೆ ಎದುರಾಳಿಯೇ ಇರುವುದಿಲ್ಲ. ತಪಾಸಣೆ ಬಿಗಿಗೊಂಡು ಜುಲೈ ವೇಳೆಗೆ ಲ್ಯಾಪ್‌ಟಾಪ್ ನಿಷೇಧ ತೆರವಾಯಿತು. ಬ್ಯಾಟರಿ ಅಳವಡಿಸಿದ ಸೂಟ್‌ಕೇಸ್‌ಗಳಿಗೂ 2018ರ ಜನವರಿಯಿಂದ ಬ್ಯಾಟರಿ ಬಿಚ್ಚುವಂತಿರಬೇಕೆಂಬ ಷರತ್ತು ಬಂತು. 2019ರಲ್ಲಿ ಆ್ಯಪಲ್ ವಾಪಸು ಕರೆದ 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳನ್ನು ವಿಮಾನಕ್ಕೆ ತರಬೇಡಿ ಎಂದು ಡಿಜಿಸಿಎ ಕೇಳಿಕೊಂಡಿತು.

ಈ ಹೊತ್ತಿಗೆ ಹೊಸ ಸಾಧನವೊಂದು ಎಲ್ಲರ ಚೀಲ ಸೇರಿತ್ತು. ಪವರ್‌ಬ್ಯಾಂಕ್ ಬೇರೇನಲ್ಲ, ಪ್ಲಾಸ್ಟಿಕ್ ಕವಚದೊಳಗಿನ ಬಿಡಿ ಬ್ಯಾಟರಿ. ಫೋನಿನ ಬ್ಯಾಟರಿಗೆ ಹೆಸರುಳ್ಳ ಕಂಪನಿಯ ಹೊಣೆಯಿರುತ್ತದೆ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಪವರ್‌ಬ್ಯಾಂಕಿನ ಒಳಗಿನ ಕೋಶ ಯಾರದೆಂದು ಮಾರುವವನಿಗೂ ತಿಳಿದಿರುವುದಿಲ್ಲ. ವಿಮಾನದಲ್ಲಿ ಇದರ ಮಿತಿ ವ್ಯಾಟ್-ಅವರ್ ಲೆಕ್ಕದಲ್ಲಿದೆ: 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲಿನದು ನಿಷಿದ್ಧ. ಕವಚದ ಮೇಲೆ ಸಾಮಾನ್ಯವಾಗಿ ಇರುವುದು ಮಿಲಿಆಂಪ್-ಅವರ್ ಸಂಖ್ಯೆ. ಅದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. 20,000 ಎಂದು ಬರೆದಿದ್ದರೆ 74 ವ್ಯಾಟ್-ಅವರ್. 27,000ಕ್ಕೆ ನೂರರ ಗಡಿ ಮುಟ್ಟುತ್ತದೆ.

2025ರ ಜನವರಿ 28ರ ರಾತ್ರಿ ದಕ್ಷಿಣ ಕೊರಿಯಾದ ಬುಸಾನ್‌ನ ಗಿಮ್ಹೇ ನಿಲ್ದಾಣದಲ್ಲಿ ಹಾಂಗ್‌ಕಾಂಗ್‌ಗೆ ಹೊರಡಲಿದ್ದ ಏರ್ ಬುಸಾನ್‌ನ ಏರ್‌ಬಸ್ ಎ321 ವಿಮಾನದ ಹಿಂಭಾಗದ ತಲೆಮೇಲಿನ ಗೂಡಿನಲ್ಲಿ ಬೆಂಕಿ ಎದ್ದಿತು. ತುರ್ತು ಜಾರುಬಂಡೆಗಳ ಮೂಲಕ 176 ಜನರೂ ಹೊರಬಂದರು. ವಿಮಾನದ ಮೇಲ್ಛಾವಣಿ ಉದ್ದಕ್ಕೂ ಸುಟ್ಟುಹೋಯಿತು. ಪವರ್‌ಬ್ಯಾಂಕಿನ ಒಳಗಿನ ನಿರೋಧಕ ಹಾಳಾಗಿ ಬೆಂಕಿ ಹುಟ್ಟಿರಬಹುದೆಂದು ತನಿಖಾಧಿಕಾರಿಗಳು ಮಾರ್ಚ್‌ನಲ್ಲಿ ತಿಳಿಸಿದರು. ವಿಮಾನ ಆಗಿನ್ನೂ ನೆಲದ ಮೇಲಿತ್ತು ಎಂಬುದೊಂದೇ ಆ ರಾತ್ರಿಯ ಪುಣ್ಯ. ಕ್ಯಾಬಿನ್ನಿನಲ್ಲಿದ್ದರೆ ಸಾಕು ಎಂಬ 2008ರ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ಮುಚ್ಚಿದ ಗೂಡಿನೊಳಗೆ, ಬ್ಯಾಗುಗಳ ನಡುವೆ ಹುದುಗಿದ ಬ್ಯಾಟರಿ ಕಣ್ಣಿಗೆ ಬೀಳದು. ಹೊಗೆ ಹೊರಬಂದು ಗೂಡು ತೆರೆಯುವಷ್ಟರಲ್ಲಿ ಬೆಂಕಿ ಬಲಿತಿರುತ್ತದೆ. ಆ ಮಟ್ಟಿಗೆ ತಲೆಮೇಲಿನ ಗೂಡೂ ಒಂದು ಚಿಕ್ಕ ಸರಕು ಕೋಣೆಯೇ.

ಕೊರಿಯಾ ಮಾರ್ಚ್ 1ರಿಂದ ಪವರ್‌ಬ್ಯಾಂಕನ್ನು ಗೂಡಿನಲ್ಲಿಡುವುದನ್ನು ನಿಷೇಧಿಸಿತು. ಅದನ್ನು ಮೈಮೇಲೆ ಇಲ್ಲವೇ ಮುಂದಿನ ಸೀಟಿನ ಜೇಬಿನಲ್ಲಿ, ತುದಿಗಳಿಗೆ ಟೇಪು ಅಂಟಿಸಿ ಅಥವಾ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟುಕೊಳ್ಳಬೇಕು. ಸಿಂಗಪುರ್ ಏರ್‌ಲೈನ್ಸ್ ಏಪ್ರಿಲ್‌ನಿಂದ ಹಾರಾಟದಲ್ಲಿ ಪವರ್‌ಬ್ಯಾಂಕ್ ಬಳಕೆ ನಿಲ್ಲಿಸಿತು. ಜೂನ್ ಕೊನೆಯಲ್ಲಿ ಚೀನಾ ತನ್ನ ಸುರಕ್ಷತಾ ಮುದ್ರೆ ಇಲ್ಲದ ಪವರ್‌ಬ್ಯಾಂಕ್‌ಗಳನ್ನು ದೇಶೀಯ ವಿಮಾನಗಳಿಂದ ಹೊರಗಿಟ್ಟಿತು. ಗೂಡಿನ ವಿಷಯದಲ್ಲಿ ಜುಲೈನಲ್ಲಿ ಜಪಾನ್, ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ಸಂಸ್ಥೆ ಕೊರಿಯಾದ ಹಾದಿ ಹಿಡಿದವು. ಅಕ್ಟೋಬರ್ 18ರಂದು ಹಾಂಗ್‌ಜೌನಿಂದ ಸಿಯೋಲ್ ಕಡೆಗೆ ಹಾರುತ್ತಿದ್ದ ಏರ್ ಚೀನಾ ವಿಮಾನದ ಗೂಡಿನಲ್ಲಿ ಲಿಥಿಯಂ ಬ್ಯಾಟರಿ ಉರಿದು, ವಿಮಾನ ಶಾಂಘೈಯಲ್ಲಿ ಇಳಿಯಿತು. ಅದರ ಮರುದಿನ ದಿಲ್ಲಿಯಲ್ಲಿ, ದಿಮಾಪುರಕ್ಕೆ ಹೊರಟಿದ್ದ ಇಂಡಿಗೊ ವಿಮಾನ ರನ್‌ವೇ ಕಡೆಗೆ ಸಾಗುತ್ತಿದ್ದಾಗ ಸೀಟಿನ ಜೇಬಿನಲ್ಲಿದ್ದ ಪ್ರಯಾಣಿಕರ ಸಾಧನಕ್ಕೆ ಬೆಂಕಿ ಹತ್ತಿತು. ಕಣ್ಣೆದುರೇ ಇದ್ದುದರಿಂದ ಸಿಬ್ಬಂದಿ ಕೂಡಲೇ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಒಂದೇ ವರ್ಷದ ಬುಸಾನ್ ಮತ್ತು ದಿಲ್ಲಿ ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬ್ಯಾಟರಿ ಎಲ್ಲಿರಬೇಕು ಎಂಬ ಚರ್ಚೆಗೆ ಬೇರೆ ಪುರಾವೆ ಬೇಕಿಲ್ಲ. ನವೆಂಬರ್‌ನಲ್ಲಿ ಡಿಜಿಸಿಎ ಕೂಡ ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ತಲೆಮೇಲಿನ ಗೂಡಿನಲ್ಲಿ ಇಡಬಾರದು, ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡಬಾರದು ಎಂದು ಸುತ್ತೋಲೆ ಹೊರಡಿಸಿತು.

ಅಮೆರಿಕದ ವಿಮಾನಯಾನಕ್ಕೆ ಸಂಬಂಧಿಸಿ ಎಫ್‌ಎಎಗೆ ವರದಿಯಾಗುವ ಹೊಗೆ, ಬೆಂಕಿ, ಅತಿಯಾದ ಕಾವಿನ ಬ್ಯಾಟರಿ ಪ್ರಕರಣಗಳೇ ಈಗ ವಾರಕ್ಕೆ ಸರಾಸರಿ ಒಂದನ್ನು ಮೀರಿವೆ. ಅವುಗಳಲ್ಲಿ ಬಹುಪಾಲು ಹಾನಿಯಿಲ್ಲದೆ ಮುಗಿಯುವುದಕ್ಕೆ ಕಾರಣ ತರಬೇತಾದ ಸಿಬ್ಬಂದಿ, ಶಾಖ ತಡೆಯುವ ವಿಶೇಷ ಚೀಲಗಳು ಮತ್ತು ಬೇಗ ಕೂಗಿ ಹೇಳಿದ ಪ್ರಯಾಣಿಕರು. ಸಾಧನ ಬಿಸಿಯಾದರೆ, ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ ಮುಜುಗರಪಡದೆ ಸಿಬ್ಬಂದಿಯನ್ನು ಕರೆಯಬೇಕು. ಗೇಟಿನ ಬಳಿ ಕೊನೆಗಳಿಗೆಯಲ್ಲಿ ಕೈಚೀಲವನ್ನು ಸರಕು ಕೋಣೆಗೆ ಕೊಡಬೇಕಾಗಿ ಬಂದರೆ ಮೊದಲು ಪವರ್‌ಬ್ಯಾಂಕ್ ಹೊರತೆಗೆದುಕೊಳ್ಳಬೇಕು. ಫೋನು ಸೀಟಿನ ಸಂದಿಗೆ ಜಾರಿ ಬಿದ್ದರೆ ಸೀಟನ್ನು ಅಲುಗಿಸಬಾರದು. ಸೀಟಿನ ಯಂತ್ರಕ್ಕೆ ಸಿಕ್ಕಿ ಜಜ್ಜಿದ ಫೋನುಗಳು ಆಕಾಶದಲ್ಲೇ ಹೊತ್ತಿಕೊಂಡ ಉದಾಹರಣೆಗಳಿವೆ. ಅದನ್ನು ತೆಗೆಯುವ ಕೆಲಸ ಸಿಬ್ಬಂದಿಯದು.